ಅಪ್ಪನ ಪಂಚೆ, ನನ್ನ ಮುಕ್ಕಾಲು ಪ್ಯಾಂಟು

ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷ ಇದೆ ತಾನೆ? ಹಾಗಾದರೆ ಕಡಲೆಕಾಯಿ ಪೊಟ್ಟಣ ಬಿಚ್ಚಿಕೊಂಡು ಕಿಟಕಿ ಪಕ್ಕ ಕೂತುಬಿಡಿ. ಬೆಂಗಳೂರಿನ ಫ್ಯಾಷನ್ನಿಗೂ ಬೆಂಗಳೂರಿನ ಹೋಟೆಲಿಗೂ ನಡುವೆ ಸಿಕ್ಕಿಹಾಕಿಕೊಂಡು ಒದ್ದಾಡಿದ ಒಬ್ಬ ಶೋಕಿಲಾಲನ ಒಂದು ದಿನದ ಪ್ರವಾಸ ಕಥನ ಇದು. ಹೀರೋ ನಾನೇ. ವಿಲನ್ ಯಾರು ಅನ್ನೋದು ಕೊನೇ ರೀಲಿನಲ್ಲಿ ಗೊತ್ತಾಗುತ್ತೆ!

ಮೊದಲು ಹೀರೋ ಪರಿಚಯ. ವಯಸ್ಸು 25. ಹುಟ್ಟೂರು ತುರುವೇಕೆರೆ ಪಕ್ಕದ ಹಳ್ಳಿ. ಕೆಲಸ ಪೀಣ್ಯದ ಒಂದು ಕಾರ್ಖಾನೆಯಲ್ಲಿ, ರೂಮು ರಾಜಾಜಿನಗರದಲ್ಲಿ. ಸಂಬಳದಲ್ಲಿ ಅರ್ಧ ಬಾಡಿಗೆಗೆ, ಇನ್ನರ್ಧ ಬಟ್ಟೆಗೆ. ಊಟ? ಅದಕ್ಕೆ ಸ್ನೇಹಿತರಿದ್ದಾರಲ್ಲ ಸ್ವಾಮಿ!

ಇವತ್ತಿನ ಫ್ಯಾಷನ್ನಿಗೆ ಒಂದೇ ಸೂತ್ರ. ಹಾಕಿಕೊಂಡ ಬಟ್ಟೆ ನಮ್ಮದಲ್ಲ ಅಂತ ನೋಡಿದವರಿಗೆ ಅನ್ನಿಸಬೇಕು. ಷರ್ಟು ಅಣ್ಣನದು, ಪ್ಯಾಂಟು ಮಾವನದು, ಚಪ್ಪಲಿ ಬಚ್ಚಲುಮನೆಯದು. ನಾನು ಹಾಕುವ ರಬ್ಬರ್ ಚಪ್ಪಲಿಗೆ 1,800 ರೂಪಾಯಿ ಅಂದರೆ ನಮ್ಮೂರಿನಲ್ಲಿ ಯಾರೂ ನಂಬಲ್ಲ. ನಂಬಿದರೆ ಊರೊಳಗೆ ಸೇರಿಸಲ್ಲ. ದೊಡ್ಡ ಹೋಟೆಲುಗಳ ಊಟಕ್ಕೂ ಇಂಥದ್ದೇ ಒಂದು ಸೂತ್ರ ಉಂಟು. ತಟ್ಟೆ ಅಗಲ ಆದಷ್ಟೂ ತಿಂಡಿ ಸಣ್ಣದು. ಬೆಳಕು ಕಮ್ಮಿ ಆದಷ್ಟೂ ಬಿಲ್ಲು ಜಾಸ್ತಿ.

ಹೀಗಿರುವಾಗ ಒಂದು ಗುರುವಾರ ರಾತ್ರಿ ಅಪ್ಪನ ಫೋನು ಬಂತು.

'ಕೊಬ್ಬರಿ ಮಾರಿದೀನಿ ಕಣ್ಲಾ. ಶನಿವಾರ ಬತ್ತೀನಿ. ನಿನ್ನೂ ನೋಡ್ದಂಗಾಯ್ತು, ಸಂಜೆಗೆ ಒಂದು ಪಿಚ್ಚರೂ ನೋಡ್ದಂಗಾಯ್ತು.'

ಸಂತೋಷ ಆಯಿತು. ಮರುಕ್ಷಣ ಎದೆ ಡವಗುಟ್ಟಿತು. ಯಾಕೆ ಅಂತೀರಾ? ಅಪ್ಪ ಉಡುವುದು ಪಂಚೆ!

ಹೆದರಿಕೆಗೆ ಕಾರಣ

ನಗಬೇಡಿ. ಪೇಪರ್ ಓದುವವರಿಗೆ ನೆನಪಿರುತ್ತೆ. 2024ರ ಫೆಬ್ರವರಿಯಲ್ಲಿ ನಮ್ಮ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲೇ, ಬಟ್ಟೆ ಕೊಳಕಾಗಿದೆ ಅಂತ ಒಬ್ಬ ರೈತರನ್ನು ತಡೆದಿದ್ದರು. ಟಿಕೆಟ್ ಕೈಯಲ್ಲಿತ್ತು, ಮೂಟೆ ತಲೆ ಮೇಲಿತ್ತು. ಸುತ್ತ ಇದ್ದ ಜನ ಜಗಳ ಆಡಿ ಒಳಗೆ ಕಳಿಸಿದರು. ಭದ್ರತಾ ಮೇಲ್ವಿಚಾರಕನ ಕೆಲಸ ಹೋಯಿತು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ ಇನ್ನೊಂದು ಪ್ರಸಂಗ. ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬಂದಿದ್ದರು. ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ಗಲಾಟೆ ವಿಧಾನಸಭೆಯವರೆಗೂ ಹೋಗಿ, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು.

ಮಗನ ಜೊತೆ, ಸಿನಿಮಾ ನೋಡಲು! ನಮ್ಮ ಪ್ರೋಗ್ರಾಮೂ ಅದೇ. ನಾನು ಬ್ರಿಗೇಡ್ ರಸ್ತೆ ಕಡೆಯ ಒಂದು ಹೋಟೆಲಿನಲ್ಲಿ ಶನಿವಾರ ಮಧ್ಯಾಹ್ನಕ್ಕೆ ಟೇಬಲ್ಲು ಬೇರೆ ಹೇಳಿಟ್ಟಿದ್ದೆ. ಅಪ್ಪನಿಗೆ ಮಗನ ಗತ್ತು ತೋರಿಸಬೇಡವೆ?

ಸಿನಿಮಾ ಹೆಸರಿನ ಊರು

ಶನಿವಾರ ಬೆಳಿಗ್ಗೆ ಮೆಜೆಸ್ಟಿಕ್. ಅಪ್ಪ ಬಸ್ಸಿಂದ ಇಳಿದ. ಹಾಲಿನಂಥ ಬಿಳಿ ಪಂಚೆ, ಬಿಳಿ ಷರ್ಟು, ಹೆಗಲ ಮೇಲೆ ಟವೆಲ್ಲು, ಕಾಲಿಗೆ ಪಟ್ಟಿಯ ಚರ್ಮದ ಚಪ್ಪಲಿ. ಎದುರಿಗೆ ನಾನು: ಆರು ಜೇಬಿನ ಮುಕ್ಕಾಲು ಪ್ಯಾಂಟು, ಇಬ್ಬರು ತೂರಬಹುದಾದ ಷರ್ಟು, 1,800ರ ಚಪ್ಪಲಿ. ಅಪ್ಪ ನನ್ನ ಮೊಣಕಾಲಿನ ಕೆಳಗೆ ನೋಡಿದ.

'ಬಟ್ಟೆ ಸಾಲದಾಯ್ತೇನ್ಲಾ ಟೈಲರ್‌ಗೆ?'

ನಮ್ಮಪ್ಪ ಫ್ಯಾಷನ್ ತಿಳಿಯದ ಆಸಾಮಿ ಅಂದುಕೊಳ್ಳಬೇಡಿ. ಮನೆಯಲ್ಲಿ ಒಂದು ಫೋಟೋ ಇದೆ. 1981ರಲ್ಲಿ ತಿಪಟೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಆನೆಕಿವಿಯಷ್ಟು ಅಗಲದ ಕಾಲರು, ಕಿವಿ ಮುಚ್ಚುವ ಕ್ರಾಪು, ಬೀದಿ ಗುಡಿಸುವ ಬೆಲ್‌ಬಾಟಂ. ಅದರ ಅಂಚು ನೆಲಕ್ಕೆ ಉಜ್ಜಿ ಹರಿಯದ ಹಾಗೆ ಸುತ್ತ ಜಿಪ್ಪು ಹೊಲಿಸುತ್ತಿದ್ದರಂತೆ! ಆ ವೇಷದಲ್ಲೇ ಬಸ್ಸು ಹತ್ತಿ ಬಂದು ಶಂಕರನಾಗ್ ಅವರ 'ಮಿಂಚಿನ ಓಟ', 'ಗೀತಾ' ಎರಡನ್ನೂ ಗಾಂಧಿಕ್ಲಾಸಿನಲ್ಲಿ ಕೂತು ನೋಡಿದ ಗಿರಾಕಿ. ಆಮೇಲೆ ತಾತ ತೀರಿಕೊಂಡರು. ತೋಟ ಕೈಗೆ ಬಂತು, ಪ್ಯಾಂಟು ಪೆಟ್ಟಿಗೆ ಸೇರಿತು.

ಕೆಂಪೇಗೌಡ ರಸ್ತೆಯಲ್ಲಿ ನಡೆಯುತ್ತಾ ಅಪ್ಪ ಇಲ್ಲದ ಥಿಯೇಟರುಗಳನ್ನು ಒಂದೊಂದಾಗಿ ತೋರಿಸಿದ. ಮೆಜೆಸ್ಟಿಕ್ ಅನ್ನುವುದೇ ಒಂದು ಟಾಕೀಸಿನ ಹೆಸರು. ಟಾಕೀಸು ಹೋಯಿತು, ಹೆಸರು ಬಡಾವಣೆಗೇ ಅಂಟಿಕೊಂಡಿತು. ಸಾಗರ್ ಇಲ್ಲ. ಕಪಾಲಿ 2017ರಲ್ಲಿ ಬಾಗಿಲು ಹಾಕಿತು. 'ಬಂಗಾರದ ಮನುಷ್ಯ' 1972ರಲ್ಲಿ ಶುರುವಾಗಿ ಎರಡು ವರ್ಷ ಓಡಿದ ಸ್ಟೇಟ್ಸ್ ಬಗ್ಗೆ ಮಾತು ಬಂದಾಗ ಅಪ್ಪ ನಿಂತೇಬಿಟ್ಟ.

'ಆಗ ನಂಗೆ ಒಂಬತ್ತು ವರ್ಸ. ನಿಮ್ ತಾತ ಕೈ ಹಿಡ್ಕಂಡು ಕರ್ಕಂಡು ಬಂದಿದ್ದ. ಏನ್ ಜನ ಅಂತೀಯ! ಪರದೆ ಮ್ಯಾಲೂ ಪಂಚೆ, ಕೆಳಗೂ ಪಂಚೆ.'

ನನಗೆ ಚುರಕ್ ಅಂದಿತು. 1968ರ 'ಜೇಡರ ಬಲೆ'ಯಲ್ಲಿ ಸೂಟು ಹಾಕಿ ಪಿಸ್ತೂಲು ಹಿಡಿದು ಸಿ.ಐ.ಡಿ. 999 ಆಗಿದ್ದವರೂ ಅದೇ ಅಣ್ಣಾವ್ರು. ನಾಲ್ಕೇ ವರ್ಷಕ್ಕೆ ಪಂಚೆ ಉಟ್ಟು ರಾಜೀವಪ್ಪ ಆದರು. ತೆರೆಯ ಹೊರಗಂತೂ ಬಿಳಿ ಪಂಚೆ, ಬಿಳಿ ಷರ್ಟು ಬಿಟ್ಟರೆ ಇನ್ನೊಂದಿಲ್ಲ. ಅವರ ಪಂಚೆಗೆ ಇಡೀ ನಾಡು ಶಿಳ್ಳೆ ಹೊಡೆಯಿತು. ನಮ್ಮಪ್ಪನ ಪಂಚೆಗೆ ನಾನು ಬೆವರುತ್ತಿದ್ದೆ.

ಚಿಕ್ಕಪೇಟೆಯಲ್ಲೊಂದು ಸುಳ್ಳು

ಅಂಡರ್‌ಗ್ರೌಂಡ್ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಬೆಂಗಳೂರಿನ ಬಟ್ಟೆಯ ಬೇರು ಇರುವುದು ಇಲ್ಲಿ. ಮೇಲೆ ಮಾಲಿನಲ್ಲಿ ಏನೇ ಮಿಂಚಲಿ, ಈ ಗಲ್ಲಿಗಳಲ್ಲಿ ಥಾನುಗಟ್ಟಲೆ ಬಿದ್ದಿರುತ್ತೆ. ರೇಷ್ಮೆ ಸೀರೆ, ಪಂಚೆ, ಶಲ್ಯ, ಮದುವೆ ಜವಳಿ... ಮೆಟ್ಟಿಲ ಮೇಲೆ ನಿಂತ ಹುಡುಗ 'ಬನ್ನಿ ಸಾರ್, ಒಳಗೆ ನೋಡಿ, ನೋಡೋಕೆ ದುಡ್ಡಿಲ್ಲ' ಅಂತ ಎಳೆಯುತ್ತಾನೆ. ಒಳಗೆ ಹೋದರೆ ಬಿಳಿ ಹಾಸಿಗೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತವರು ಒಂದು ಕೇಳಿದರೆ ಇಪ್ಪತ್ತು ಬಿಚ್ಚಿ ಹಾಕುತ್ತಾರೆ. ಏನೂ ಕೊಳ್ಳದೆ ಎದ್ದು ಬರುವ ಎದೆಗಾರಿಕೆ ನಮ್ಮಂಥ ಪಡ್ಡೆಗಳಿಗೆ ಎಲ್ಲಿಂದ ಬರಬೇಕು!

ನಾನು ಸಿದ್ಧ ಉಡುಪಿನ ಅಂಗಡಿಗೆ ನುಗ್ಗಿ ಒಂದು ಬೂದು ಬಣ್ಣದ ಪ್ಯಾಂಟು ತೆಗೆಸಿದೆ. ಸೊಂಟ 36.

'ಇದ್ಯಾರಿಗ್ಲಾ?'

'ನಿನಗೇ ಅಪ್ಪ.'

'ನನ್ ಪಂಚೆಗೇನಾಗೈತೆ?'

'ಏನಿಲ್ಲ. ಮೆಟ್ರೋದಲ್ಲಿ ಎಸ್ಕಲೇಟರ್ ಇರುತ್ತಲ್ಲ... ಪಂಚೆ ಸಿಕ್ಕಾಕ್ಕೊಳುತ್ತೆ.'

ಅಷ್ಟೊತ್ತಿಗೆ ಅಪ್ಪ ಎರಡು ಎಸ್ಕಲೇಟರ್ ಹತ್ತಿ ಇಳಿದಿದ್ದ, ಪಂಚೆಯ ತುದಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ಮಹಾರಾಜರ ಠೀವಿಯಲ್ಲಿ. ಅಪ್ಪ ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ. ಪ್ಯಾಂಟನ್ನು ಮಡಿಸಿ ತನ್ನ ಕೈಚೀಲಕ್ಕೆ ಹಾಕಿಕೊಂಡು 'ಇರ್ಲಿ ಬಾ' ಅಂದ. ಆ 'ಇರ್ಲಿ' ಇದೆಯಲ್ಲ, ಬೈದಿದ್ದರೆ ವಾಸಿ ಇತ್ತು.

ದಂಡಿನ ಕಡೆಗೆ

ಮೆಜೆಸ್ಟಿಕ್ಕಿಗೆ ವಾಪಸ್ ಬಂದು ನೇರಳೆ ಮಾರ್ಗದ ರೈಲು ಹಿಡಿದೆವು. ವಿಧಾನಸೌಧ, ಕಬ್ಬನ್ ಪಾರ್ಕ್ ದಾಟಿದರೆ ಎಂ.ಜಿ. ರಸ್ತೆ. ಹಿಂದಿನವರಿಗೆ ಇದು ಇನ್ನೊಂದು ದೇಶ. ಆ ಕಡೆ ಪೇಟೆ, ಈ ಕಡೆ ದಂಡು. ಪೇಟೆಯವನು ದಂಡಿಗೆ ಬರಬೇಕಾದರೆ ಬೂಟು ಪಾಲಿಷ್ ಮಾಡಿಕೊಂಡು ಬರುತ್ತಿದ್ದ. ಇಂಗ್ಲಿಷ್ ಪಿಚ್ಚರಿನ ಪ್ಲಾಜಾ ಇಲ್ಲೇ ಇತ್ತು. ಮೆಟ್ರೋಗೆ ಜಾಗ ಬಿಟ್ಟುಕೊಟ್ಟಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಮುಚ್ಚಿತು. ಇಂಡಿಯಾ ಕಾಫಿ ಹೌಸು 2009ರಲ್ಲಿ ಎಂ.ಜಿ. ರಸ್ತೆ ಬಿಟ್ಟು ಚರ್ಚ್ ಸ್ಟ್ರೀಟಿಗೆ ಎದ್ದಿತು. ಆ ಕಾಫಿ ಹೌಸಿನಲ್ಲಿ ಅಪ್ಪ ಒಮ್ಮೆ ಕೂತಿದ್ದನಂತೆ. ಬಿಳಿ ಸಮವಸ್ತ್ರ, ಸೊಂಟಪಟ್ಟಿ, ಬೀಸಣಿಗೆಯಂಥ ಗರಿಯ ಪೇಟ ತೊಟ್ಟ ಮಾಣಿ ಬಂದು ನಿಂತಾಗ ಯಾರೋ ದೊಡ್ಡ ಆಫೀಸರು ಅಂದುಕೊಂಡು ಬೆಲ್‌ಬಾಟಂ ಹೀರೋ ಎದ್ದು ನಿಂತು ನಮಸ್ಕಾರ ಹೊಡೆದನಂತೆ!

ನಗುತ್ತಾ ನಗುತ್ತಾ ನನ್ನ ಹೋಟೆಲಿನ ಮುಂದೆ ಬಂದೆವು. ಹೆಸರು ಬೇಡ. ಗಾಜಿನ ಬಾಗಿಲು, ಒಳಗೆ ಕತ್ತಲೆ, ಹೊರಗೆ ಬೂಟು ಟೋಪಿ ಹಾಕಿದ ಕಾವಲಿನವನು. ನನ್ನ ಗಂಟಲು ಒಣಗಿತು. ಅಪ್ಪನಿಗಿಂತ ಎರಡು ಹೆಜ್ಜೆ ಮುಂದೆ ನಡೆದೆ. ಯಾಕೆ ಗೊತ್ತಾ? ನನ್ನ ಜೊತೆಯವರಲ್ಲ ಅಂತ ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ ಅಂತ. ಬರೆಯಲು ಕೈ ನಡುಗುತ್ತೆ, ಆದರೆ ನಡೆದದ್ದು ಅದು.

ಕಾವಲಿನವನು ಕೈ ಅಡ್ಡ ಹಿಡಿದ. ನನಗೆ!

'ಸರ್ರ, ಚಡ್ಡಿ ಚಪ್ಪಲಿ ಹಾಕ್ಕೊಂಡು ಒಳಗ ಬಿಡಂಗಿಲ್ರಿ. ರೂಲ್ಸ್ ಐತ್ರಿ.'

'ಇದು ಚಡ್ಡಿ ಅಲ್ಲ, ಕಾರ್ಗೋ! ಚಪ್ಪಲಿ 1,800 ರೂಪಾಯಿ!'

'ಹದಿನೆಂಟು ಸಾವಿರದ್ದಾದ್ರೂ ಚಪ್ಪಲಿ ಚಪ್ಪಲಿನ ಅಲ್ರಿ. ನನ್ನ ಕೈಯಾಗ ಏನೈತ್ರಿ?'

ಅಷ್ಟರಲ್ಲಿ ಹಿಂದಿನಿಂದ ಅಪ್ಪ ಬಂದ. ಕಾವಲಿನವನು ಅಪ್ಪನ ಪಂಚೆ ನೋಡಿದ, ಟವೆಲ್ಲು ನೋಡಿದ, ಪಟಕ್ಕನೆ ಬಾಗಿಲು ತೆಗೆದ.

'ನೀವು ಬರ್ರಿ ಯಜಮಾನ್ರ. ನಮ್ಮಪ್ಪನೂ ಹಿಂಗ ಧೋತ್ರ ಉಡ್ತಾನ್ರಿ.'

ಬಾಗಿಲಿಂದ ತಣ್ಣನೆ ಗಾಳಿ ಬಂತು. ಒಳಗೆ ಹೋಗಬಹುದಾದ ಅಪ್ಪ, ಹೊರಗೆ ನಿಂತ ಮಗ. ಇಂಥ ಟ್ವಿಸ್ಟು ಯಾವ ಡೈರೆಕ್ಟರಿಗೆ ಹೊಳೆದೀತು! ಅಪ್ಪ ಅವಸರ ಮಾಡಲಿಲ್ಲ. ಕೈಚೀಲಕ್ಕೆ ಕೈ ಹಾಕಿ ಆ ಬೂದು ಪ್ಯಾಂಟು ತೆಗೆದು ನನ್ನ ಮುಂದೆ ಹಿಡಿದ.

'ತಗಾ. ನೀನೇ ಹಾಕ್ಕ.'

ಕಾವಲಿನವನು ಮೊದಲು ನಕ್ಕ. ಆಮೇಲೆ ಅಪ್ಪ. ಕೊನೆಗೆ ನಾನು, ನಗುತ್ತಾ ಇದ್ದೆನೋ ಇನ್ನೇನೋ, ಕಣ್ಣಲ್ಲಿ ನೀರು ಬಂದದ್ದಂತೂ ನಿಜ. ಅಪ್ಪ ಅವನ ಊರು ಕೇಳಿದ. ಬಾದಾಮಿ ಹತ್ತಿರ. ಮಳೆ ಹೆಂಗೆ, ಜೋಳ ಹೆಂಗೆ ಅಂತ ಇಬ್ಬರೂ ಐದು ನಿಮಿಷ ಮಾತಾಡಿದರು. ಒಳಗೆ ನನ್ನ ಟೇಬಲ್ಲು ಖಾಲಿ ಕಾಯುತ್ತಲೇ ಇತ್ತು.

'ನಡೀಲಾ, ನಮ್ಮಿಬ್ರನ್ನೂ ಬಿಡೋ ಹೋಟ್ಲಿಗೆ ಹೋಗಾನ' ಅಂದ ಅಪ್ಪ.

ಹೊಟ್ಟೆಯ ದಿಕ್ಕು

ಬೆಂಗಳೂರಿನಲ್ಲಿ ಪ್ಯಾಂಟು ಪೂರ್ವಕ್ಕೆ ಎಳೆದರೆ ಹೊಟ್ಟೆ ದಕ್ಷಿಣಕ್ಕೆ ಎಳೆಯುತ್ತೆ. ಲಾಲ್‌ಬಾಗ್ ರಸ್ತೆಯಲ್ಲಿ 1924ರಲ್ಲಿ ಹುಟ್ಟಿದ ಎಂ.ಟಿ.ಆರ್. ಇದೆ, ಯುದ್ಧಕಾಲದಲ್ಲಿ ಅಕ್ಕಿ ಸಿಗದಾಗ ರವೆ ಇಡ್ಲಿ ಕಂಡುಹಿಡಿದವರು ನಾವೇ ಅನ್ನುತ್ತಾರೆ ಅವರು. ಶಂಕರಪುರದಲ್ಲಿ 1965ರ ಬ್ರಾಹ್ಮಿನ್ಸ್ ಕಾಫಿ ಬಾರ್. 1983ರಲ್ಲಿ ಜಯನಗರದಲ್ಲಿ ಶುರುವಾದ ದರ್ಶಿನಿ ಪದ್ಧತಿ ಈಗ ಬೀದಿ ಬೀದಿಗೂ ಬಂದಿದೆ. ಕುರ್ಚಿ ಇಲ್ಲ, ಕಾವಲು ಇಲ್ಲ. ಬೆಂಜ್ ಕಾರಿನವನೂ ಬಾಡಿಗೆ ಆಟೋದವನೂ ಒಂದೇ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಒಂದೇ ಚಟ್ನಿಗೆ ಕೈ ಚಾಚುತ್ತಾರೆ. ನಿಂತು ತಿನ್ನುವವನಿಗೆ ಎಂಥ ಡ್ರೆಸ್ಸು ಮಹರಾಯರೇ!

ನಾವು ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಗಾಂಧಿ ಬಜಾರಿಗೆ ನಡೆದೆವು. ವಿದ್ಯಾರ್ಥಿ ಭವನ. 1943ರಲ್ಲಿ ಹೆಸರಿಗೆ ತಕ್ಕಂತೆ ವಿದ್ಯಾರ್ಥಿಗಳಿಗೆಂದೇ ಶುರುವಾದದ್ದು. ಬಾಗಿಲಲ್ಲಿ ಹೆಸರು ಬರೆಸಿ, ಗುಂಪಿನಲ್ಲಿ ನಿಂತು, ಹಸಿವು ನೆತ್ತಿಗೇರಿದ ಮೇಲೆ ಜಾಗ ಸಿಕ್ಕಿತು. ಪುಟ್ಟ ಹಾಲು, ಗೋಡೆ ತುಂಬ ಕನ್ನಡದ ಹಿರಿಯರ ಚಿತ್ರಗಳು, ತುಪ್ಪದ ಘಮ.

ಆಗ ಬಂದರು ನೋಡಿ ಅಸಲಿ ಹೀರೋ! ಬಿಳಿ ಷರ್ಟು, ಬಿಳಿ ಪಂಚೆ. ಎಡಗೈ ಮೇಲೆ ಭುಜದವರೆಗೂ ದೋಸೆ ತಟ್ಟೆಗಳ ಗೋಪುರ. ಗುಂಪಿನ ನಡುವೆ ಹಾವಿನಂತೆ ಸರಿದು ಬಂದು, ತಟ್ಟೆ ಒಂದೊಂದಾಗಿ ಟಣ್ ಟಣ್ ಅಂತ ಇಳಿಸಿ, ತಿರುಗಿ ನೋಡದೆ ಹೋದರು. ಒಂದು ತೊಟ್ಟು ಚೆಲ್ಲಲಿಲ್ಲ, ಪಂಚೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಅಪ್ಪ ನನ್ನ ಕಡೆ ವಾರೆಗಣ್ಣಲ್ಲಿ ನೋಡಿದ. 'ಎಸ್ಕಲೇಟರ್‌ಗೆ ಸಿಕ್ಕಾಕ್ಕತದೆ ಅಂದ್ಯಲ್ಲ?'

ನಾನು ದೋಸೆ ಮುರಿದೆ. ಹೊರಗೆ ಗರಿ, ಒಳಗೆ ಹತ್ತಿ. ಗಂಟಲಲ್ಲಿ ಇಳಿಯಲಿಲ್ಲ.

'ಅಪ್ಪ, ನಿನ್ನ ಯಾರಾದ್ರೂ ತಡೀತಾರೆ ಅಂತ ಹೆದರಿಕೊಂಡಿದ್ದೆ. ಅದಕ್ಕೇ ಪ್ಯಾಂಟು...'

'ಗೊತ್ತು ಬಿಡ್ಲಾ.'

'ಪೂರ್ತಿ ಹೆದರಿಕೆ ಅಲ್ಲಪ್ಪ. ನಾಚಿಕೇನೂ ಆಗಿತ್ತು.'

ಅಪ್ಪ ಸ್ವಲ್ಪ ಹೊತ್ತು ಚಟ್ನಿ ಅದ್ದುತ್ತಾ ಕೂತಿದ್ದ. ಆಮೇಲೆ ಅಂದ: 'ಎಂಬತ್ತೊಂದ್ರಲ್ಲಿ ಬೆಲ್‌ಬಾಟಂ ಹಾಕ್ಕಂಡು ಊರಿಗೆ ಹೋದಾಗ ನಿಮ್ ತಾತ ನನ್ ಜೊತೆ ಸಂತೆಗೆ ಬರಲ್ಲ ಅಂದಿದ್ದ. ಅವನಿಗೂ ನಾಚಿಕೆ. ಇನ್ನೊಂದ್ ದೋಸೆ ಹೇಳು.'

ಸಂಜೆ ಪಿಚ್ಚರೂ ಆಯಿತು. ಇಡೀ ದಾರಿ ನಾನು ಅಪ್ಪನ ಪಕ್ಕದಲ್ಲೇ ನಡೆದೆ. ರಾತ್ರಿ ಬಸ್ಸು ಹತ್ತಿಸಿದಾಗ ಅಪ್ಪ ಕಿಟಕಿಯಿಂದ ಆ ಪ್ಯಾಂಟನ್ನು ನನ್ನ ಕೈಗೆ ತುರುಕಿ ಟಾಟಾ ಮಾಡಿದ. ವಾಪಸು ಕೊಡಲು ಹೋದರೆ ಅಂಗಡಿಯವನು ತೆಗೆದುಕೊಳ್ಳಲಿಲ್ಲ. ಸರಿ, ಸೋಮವಾರ ನಾನೇ ಹಾಕಿಕೊಂಡೆ. ನನ್ನ ಸೊಂಟ 30, ಅದು 36. ಬೆಲ್ಟಿನಲ್ಲಿ ಬಿಗಿದು ಕಟ್ಟಿದರೆ ಕೆಳಗೆ ಗೋಣಿಚೀಲದಂತೆ ಅಲುಗಾಡುತ್ತೆ.

ಕಾರ್ಖಾನೆಯ ಗೇಟಿನಲ್ಲೇ ಹುಡುಗರು ಮುತ್ತಿಕೊಂಡರು. 'ಏನ್ ಮಗಾ, ಬ್ಯಾಗಿ ಪ್ಯಾಂಟು! ಸಖತ್ತಾಗಿದೆ! ಎಲ್ಲಿ ತಗೊಂಡೆ?'

'ನಮ್ಮಪ್ಪಂದು ಕಣ್ರೋ' ಅಂದೆ.

ಒಬ್ಬನೂ ನಂಬಲಿಲ್ಲ.