ಬರದ ಸೀಮೆಯಲ್ಲಿ ನೆರೆಯ ನೀರು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳೆಂದೊಡನೆ ನಾಡಿನ ಜನರಿಗೆ ನೆನಪಾಗುವುದು ಬರಗಾಲ. ರಾಜ್ಯದಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ಸ್ಥಳವೆಂದು ಶಾಲೆಯ ಪಠ್ಯಪುಸ್ತಕಗಳು ಹೆಸರಿಸುತ್ತ ಬಂದಿರುವ ನಾಯಕನಹಟ್ಟಿ ಇರುವುದು ಇದೇ ಸೀಮೆಯಲ್ಲಿ. ಇಲ್ಲಿಯ ಹಿರಿಯರು ಗಂಜಿಕೇಂದ್ರವನ್ನು ಕಂಡದ್ದು ಬರದಲ್ಲಿ. ಗೋಶಾಲೆಯನ್ನು ಕಂಡದ್ದೂ ಬರದಲ್ಲಿ. ಇಂತಹ ನೆಲದಲ್ಲಿ ಮಳೆಗೆ ಮನೆ ಬಿಟ್ಟವರ ಆಶ್ರಯದ ಮಾತನ್ನು ಕೇಳಿದರೆ ಯಾರಿಗಾದರೂ ಸೋಜಿಗವೆನಿಸೀತು. ಆದರೆ ಈ ಊರುಗಳನ್ನು ಸುತ್ತಿ ನೋಡಿದ ನಮಗೆ ತಿಳಿದುಬಂದದ್ದು ಇಷ್ಟು: ಮಳೆ ಕಡಿಮೆ ಇರುವ ನೆಲದಲ್ಲಿ ಬದುಕೆಲ್ಲವೂ ಒಣಹವೆಗೆ ಹೊಂದಿಕೊಂಡಿರುತ್ತದೆ. ಅಲ್ಲಿ ನಾಲ್ಕು ದಿನ ಬಿಡದೆ ಸುರಿಯುವ ಮಳೆಯೇ ದೊಡ್ಡ ವಿಪತ್ತು.

ಈ ಸೀಮೆಗೆ ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಮುಖ್ಯ ನದಿಯೆಂದರೆ ವೇದಾವತಿ. ಹಿರಿಯೂರಿನ ಸಮೀಪ ಮೈಸೂರು ಅರಸರು ಕಟ್ಟಿಸಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದಿತ್ತು. ಅದು ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರ ಸೆಪ್ಟೆಂಬರಿನಲ್ಲಿ. 2025ರ ಜನವರಿಯಲ್ಲಿ ಪುನಃ ತುಂಬಿ ಹರಿಯಿತು. ಅಣೆಕಟ್ಟೆಯ ಕೆಳಗೆ ಹಿರಿಯೂರು ದಾಟಿ, ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆಯಿಂದ ಆಂಧ್ರದತ್ತ ಸಾಗುವ ಈ ಹೊಳೆಯ ಪಾತ್ರವನ್ನು ಮೂರು ತಲೆಮಾರಿನ ಜನ ಬಹುಮಟ್ಟಿಗೆ ಒಣ ಮರಳಾಗಿಯೇ ಕಂಡಿದ್ದರು. ಹೊಳೆಯು ತನ್ನ ಹಾದಿಯನ್ನು ಮರೆಯುವುದಿಲ್ಲ, ಮರೆಯುವವರು ನಾವು.

ಹೊಳೆಯ ದಂಡೆಯಿಂದ ದೂರವಿರುವ ಊರುಗಳಲ್ಲಿಯೂ ಮನೆಗಳು ಬೀಳುತ್ತವೆ. ಇಲ್ಲಿಯ ಹಳೆಯ ಮನೆಗಳು ಮಣ್ಣಿನ ಗೋಡೆಯ ಮಾಳಿಗೆ ಮನೆಗಳು. ತೊಲೆ ಜಂತೆಗಳ ಮೇಲೆ ಕರಲು ಮಣ್ಣನ್ನು ಹಾಸಿರುತ್ತಾರೆ. ಬೇಸಿಗೆಗೆ ಇದರಷ್ಟು ತಂಪಾದ ಮನೆ ಮತ್ತೊಂದಿಲ್ಲ. ಆದರೆ ಜಡಿಮಳೆ ಹಿಡಿದರೆ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಅದೇ ಹೊತ್ತಿಗೆ ಗೋಡೆಯ ಬುಡ ನೆನೆದು ಮೆತ್ತಗಾಗುತ್ತದೆ. ಹಲವು ವೇಳೆ ಮಳೆ ನಿಂತ ಮೇಲೆ, ಎಲ್ಲರೂ ನಿಶ್ಚಿಂತೆಯಿಂದ ಮಲಗಿರುವಾಗ ಗೋಡೆ ಕುಸಿಯುತ್ತದೆ. ಆದ್ದರಿಂದ ಮಳೆ ಬಿಟ್ಟಿತೆಂದು ಶಾಲೆಯಲ್ಲಿ ಆಶ್ರಯ ಪಡೆದವರನ್ನು ಆ ದಿನವೇ ಮನೆಗೆ ಕಳುಹಿಸುವುದು ತರವಲ್ಲ.

ನಾಯಕನಹಟ್ಟಿಯಲ್ಲಿ ಶ್ರೀ ತಿಪ್ಪೇರುದ್ರಸ್ವಾಮಿಯ ದರ್ಶನ ಪಡೆದು ನಾವು ತಳುಕು, ಹಿರೇಹಳ್ಳಿ, ಬಿ.ಜಿ. ಕೆರೆಗಳ ಮಾರ್ಗವಾಗಿ ಮೊಳಕಾಲ್ಮೂರಿನತ್ತ ಸಾಗಿದೆವು. ಸ್ವಾಮಿಯು ಈ ಬರದ ನೆಲದಲ್ಲಿ ಐದು ಕೆರೆಗಳನ್ನು ಕಟ್ಟಿಸಿದನೆಂದು ಜನ ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಅವನ ಹೆಸರಿನಲ್ಲಿ ನಿಂತಿರುವ ಮಾತು. ದುಡಿಯುವ ಕೈಗೆ ದುಡಿಮೆ ಕೊಟ್ಟು, ಅದರ ಫಲವಾಗಿ ಊರಿಗೆ ನೀರು ಕೊಟ್ಟ ಆ ಪರಿಹಾರಕ್ಕಿಂತ ಉತ್ತಮವಾದುದನ್ನು ನಾವು ಇನ್ನೂ ಕಂಡಿಲ್ಲ. ಏರಿ ಭದ್ರವಾಗಿದ್ದು ಕೋಡಿ, ಕಾಲುವೆಗಳಲ್ಲಿ ಹೂಳಿಲ್ಲದಿದ್ದರೆ ಅದೇ ಕೆರೆಯು ಬರದಲ್ಲಿ ನೀರುಣಿಸಿ ನೆರೆಯಲ್ಲಿ ನೀರನ್ನು ತಡೆಯುತ್ತದೆ.

ಮೊಳಕಾಲ್ಮೂರು ಬಂಡೆಗಲ್ಲಿನ ಬೆಟ್ಟಗಳ ಮಡಿಲಿನ ಊರು. ಬಂಡೆಯು ನೀರನ್ನು ಹೀರದು. ಬೆಟ್ಟದ ಮೇಲೆ ಬಿದ್ದದ್ದು ಕ್ಷಣದಲ್ಲಿ ಕೆಳಗಿಳಿಯುತ್ತದೆ. ಇದೇ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಜೀವಿಗಳಲ್ಲಿ ದಯೆ ಇರಲೆಂದು ಅಶೋಕ ಚಕ್ರವರ್ತಿ ಬರೆಯಿಸಿದ್ದಾನೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಲ್ಲಿಯ ರೇಷ್ಮೆ ಸೀರೆಯನ್ನು ನಮ್ಮ ಅನೇಕ ಮನೆಗಳ ಹೆಣ್ಣುಮಕ್ಕಳು ಮದುವೆಯಲ್ಲಿ ಉಟ್ಟಿದ್ದಾರೆ. ಆ ಸೀರೆ ನೇಯುವ ಮಗ್ಗಗಳಲ್ಲಿ ಗುಂಡಿಮಗ್ಗಗಳು ಬಹಳ. ನೇಕಾರನು ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಸಿ ಕುಳಿತು, ಅಲ್ಲಿರುವ ಹಲಗೆಗಳನ್ನು ತುಳಿಯುತ್ತ ನೇಯಬೇಕು. ಮಳೆ ಹೆಚ್ಚಾದಾಗ ಬಾಗಿಲಿನಿಂದ ನೀರು ನುಗ್ಗದಿದ್ದರೂ ನೆಲದೊಳಗಿಂದ ಒರತೆ ಎದ್ದು ಈ ಗುಂಡಿ ತುಂಬುತ್ತದೆ. ಹಾಸಿನ ಎಳೆಗಳು ತೇವಗೊಂಡು ಅಂಟಿಕೊಳ್ಳುತ್ತವೆ, ಹಣಿಗೆಗೆ ತುಕ್ಕು ಹಿಡಿಯುತ್ತದೆ. ಆ ರೇಷ್ಮೆಯೂ ಅನೇಕ ವೇಳೆ ನೇಕಾರನದಲ್ಲ, ಕೂಲಿಗೆ ಕೊಟ್ಟ ಮಾಲೀಕನದು. ಅದು ಕೆಟ್ಟರೆ ಬಡವನ ಹೆಗಲಿಗೆ ಸಾಲ ಏರುತ್ತದೆ.

“ಸ್ವಾಮಿ, ಅಕ್ಕಿ ಎಲ್ಲರೂ ಕೊಡ್ತಾರೆ. ಗುಂಡಿ ಒಣಗೋ ತನಕ ನಾನೇನು ಮಾಡ್ಲಿ?” ಎಂದು ವೃದ್ಧ ನೇಕಾರರೊಬ್ಬರು ನಮ್ಮನ್ನು ಕೇಳಿದರು. ಚಳ್ಳಕೆರೆಯ ಕಡೆಯ ಕಂಬಳಿ ನೇಕಾರರದೂ ಇದೇ ಪಾಡು. ಉಣ್ಣೆಯ ನೂಲಿಗೆ ಹುಣಸೆಬೀಜದ ಸರಿ ಹಚ್ಚಿ ಬಿಸಿಲಿನಲ್ಲಿ ಒಣಗಿಸಬೇಕು. ಬಿಸಿಲಿಲ್ಲದ ದಿನ ಮಗ್ಗವಿಲ್ಲ, ಕೂಲಿಯಿಲ್ಲ. ಕುರಿಗಾಹಿಗಳು ರೊಪ್ಪದಲ್ಲಿ ಕುರಿಗಳನ್ನು ಬಿಟ್ಟು ಕಾಳಜಿ ಕೇಂದ್ರಕ್ಕೆ ಬರಲು ಒಪ್ಪುವುದಿಲ್ಲ. ಕುರಿಗೆ ನೆಲೆ ಸಿಕ್ಕರೆ ಮಾತ್ರ ಅವರಿಗೂ ನೆಲೆ.

ಸರ್ಕಾರದ ನೆರವು ಇಲ್ಲವೆಂದಲ್ಲ. 2022ರ ಮಳೆಗಾಲದಲ್ಲಿ ನೀರು ನುಗ್ಗಿದ ಮನೆಗೆ ತಕ್ಷಣದ ಪರಿಹಾರವಾಗಿ 10,000 ರೂಪಾಯಿ, ಪೂರ್ಣ ಬಿದ್ದ ಮನೆಗೆ 5 ಲಕ್ಷ, ಭಾಗಶಃ ಬಿದ್ದುದಕ್ಕೆ 3 ಲಕ್ಷ, ಅಲ್ಪ ಹಾನಿಗೆ 50,000 ರೂಪಾಯಿ ಎಂದು ಗೊತ್ತುಪಡಿಸಲಾಗಿತ್ತು. ಕೈಮಗ್ಗ, ಕರಕುಶಲದವರ ಸಲಕರಣೆಗೂ ಕಚ್ಚಾಮಾಲಿಗೂ ಪ್ರತ್ಯೇಕ ನೆರವು ನೀಡುವ ಅವಕಾಶವು ವಿಪತ್ತು ಪರಿಹಾರದ ನಿಯಮಗಳಲ್ಲಿಯೇ ಉಂಟು. ಆದರೆ ಗೋಡೆ ನಿಂತಿದ್ದು ಮಗ್ಗ ಮಾತ್ರ ಮುಳುಗಿದ ಮನೆಯಲ್ಲಿ ಹಾನಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕೇಳಿ ಬರೆಯಿಸುವವರು ಬೇಕು.

ಇಲ್ಲಿಯೇ ನಮ್ಮ ಸಮಾಜದ ಸಂಘಗಳಿಗೂ ಯುವಕರಿಗೂ ಕೆಲಸವಿದೆ. ಮನೆ ಗುಡಿಸುವ ಮೊದಲೇ ಹಾನಿಯ ಛಾಯಾಚಿತ್ರ ತೆಗೆದಿಡುವುದು. ಅರ್ಜಿ ಬರೆದುಕೊಟ್ಟು, ಮಹಜರಿನಲ್ಲಿ ಮಗ್ಗ, ನೂಲು, ಕುರಿಗಳ ಲೆಕ್ಕವೂ ಸೇರುವಂತೆ ನೋಡಿಕೊಳ್ಳುವುದು. ಗುಂಡಿಯ ನೀರೆತ್ತಲು ಪಂಪು ಒದಗಿಸುವುದು. ಸಮುದಾಯ ಭವನದ ಒಣ ಮೂಲೆಯಲ್ಲಿ ನೂಲು, ಸೀರೆಗಳನ್ನು ಜೋಪಾನವಾಗಿಡಲು ಜಾಗ ಕೊಡುವುದು. ಕುರಿಗಳಿಗೆ ಎತ್ತರದ ತಾವನ್ನೂ ಮೇವನ್ನೂ ಹೊಂದಿಸುವುದು. ಹರಿದ ಹಳೆಯ ಬಟ್ಟೆಗಳ ಗಂಟನ್ನು ಕಳುಹಿಸುವುದಕ್ಕಿಂತ ಇವು ಮೇಲು. ಇವಕ್ಕೆ ಹೆಚ್ಚು ಹಣ ಬೇಡ, ಎರಡು ವಾರ ಜೊತೆಯಲ್ಲಿ ನಿಲ್ಲುವ ಮನಸ್ಸು ಬೇಕು.

ಹಸಿದವರಿಗೆ ಅನ್ನ ನೀಡುವುದು ದಾಸೋಹದ ಮೊದಲ ಮೆಟ್ಟಿಲು. ಅದರಲ್ಲಿ ನಮ್ಮ ಜನ ಎಂದೂ ಹಿಂದೆ ಬಿದ್ದವರಲ್ಲ. ಕಾಯಕವೇ ನಿಂತುಹೋದವನಿಗೆ ಕಾಯಕವನ್ನು ಮರಳಿ ಕೊಡಿಸುವುದು ಅದರ ಮುಂದಿನ ಮೆಟ್ಟಿಲು. ಬರುವ ಹಿಂಗಾರಿನ ಮೊದಲೇ ಈ ಸೀಮೆಯ ಬಂಧುಗಳು ತಮ್ಮ ಊರಿನ ಮಗ್ಗಗಳನ್ನೂ, ರೊಪ್ಪಗಳನ್ನೂ, ಹಳೆಯ ಮಾಳಿಗೆಗಳನ್ನೂ ಒಮ್ಮೆ ಎಣಿಸಿ ಪಟ್ಟಿ ಮಾಡಿಟ್ಟುಕೊಳ್ಳಲಿ. ಮಳೆ ಬಂದ ರಾತ್ರಿ ಯಾರ ಬಾಗಿಲನ್ನು ಮೊದಲು ತಟ್ಟಬೇಕೆಂಬುದು ಆ ಪಟ್ಟಿಯಿಂದ ತಿಳಿಯುತ್ತದೆ.