ಹಿಸ್ಸಾ 20 ಆದ ಬಗೆ

ಜಿಲ್ಲೆಯ ಬಿಡಿ ವರದಿಗಾರರಾದ ನಾವು ಸುದ್ದಿ ಟೈಪಿಸುವುದು ಈಗ ಮೊಬೈಲಿನಲ್ಲಿ, ಅಂದರೆ ಯುನಿಕೋಡ್‌ನಲ್ಲಿ. ನಮ್ಮ ಪತ್ರಿಕೆಯ ಡೆಸ್ಕಿನವರು ಪುಟ ಕಟ್ಟುವುದು ಇನ್ನೂ ಪೇಜ್‌ಮೇಕರ್‌ನಲ್ಲಿ. 2001ರ 7ನೇ ಆವೃತ್ತಿಯೇ ಅದರ ಕೊನೆಯದು. ಯುನಿಕೋಡ್ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಸುದ್ದಿ ಮೊದಲು ಹಳೆಯ ನುಡಿ ಫಾಂಟಿಗೆ ಬದಲಾಗಬೇಕು.

ಆ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದೆ. ಅರ್ಕಾವತ್ತು, ಒತ್ತಕ್ಷರಗಳನ್ನು ಪರಿವರ್ತಕ ಹೇಗೋ ನಿಭಾಯಿಸುತ್ತದೆ. ನಡುವೆ ಇಂಗ್ಲಿಷ್ ಅಕ್ಷರ ಬಂದರೆ ಮಾತ್ರ ಹಾಗೇ ಬಿಡುತ್ತದೆ. ಇಂಗ್ಲಿಷಿನ ದೊಡ್ಡ ‘ಎ’ ಇರುವ ಜಾಗದಲ್ಲಿ ನುಡಿಯಲ್ಲಿರುವುದು ಅನುಸ್ವಾರದ ಸೊನ್ನೆ.

ಕಳೆದ ಮಳೆಗಾಲದಲ್ಲಿ ಬೆಳೆಹಾನಿ ಪರಿಹಾರದ ಪಟ್ಟಿಯಿಂದ ಬಿಟ್ಟುಹೋದ ಜಮೀನುಗಳ ಸುದ್ದಿ ಕಳಿಸಿದ್ದೆವು, ದಾಖಲೆಯಲ್ಲಿದ್ದಂತೆ ಸರ್ವೆ ನಂಬರು ಸಮೇತ. ಹಿಸ್ಸಾ ‘2ಎ’ ಇದ್ದದ್ದು ಅಚ್ಚಿನಲ್ಲಿ 20ರಂತೆ ಕಂಡಿತು. ಚಿತ್ತುಚಿತ್ತಾಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಇದು ಅಚ್ಚುಕಟ್ಟಾಗಿಯೇ ತಪ್ಪಾಗಿತ್ತು. ರೈತರು ಪತ್ರಿಕೆ ಹಿಡಿದು ತಾಲ್ಲೂಕು ಕಚೇರಿಗೆ ಹೋದರೆ, ‘ಅಂಥ ಹಿಸ್ಸಾನೇ ಇಲ್ವಲ್ರೀ’ ಎಂದು ವಾಪಸ್ ಕಳಿಸಿದರಂತೆ. ತಿದ್ದುಪಡಿ ಬಂದದ್ದು ನಾಲ್ಕು ದಿನದ ಮೇಲೆ, ಎರಡು ಸಾಲು.

ಈಗ ಸುದ್ದಿಯ ಜೊತೆ ಪಿಡಿಎಫ್ ಕೂಡ ಕಳಿಸುತ್ತೇವೆ, ಹೋಲಿಸಿ ನೋಡಲಿ ಎಂದು. ತೆರೆದು ನೋಡುವವರು ಡೆಸ್ಕಿನಲ್ಲಿ ಒಬ್ಬರೇ. ಅವರ ವಾರದ ರಜೆ ನಮಗೆ ಬಾಯಿಪಾಠ.