ಬೇಡಿಕೆ ಇಲ್ಲವೆಂಬ ಮಾತಿನ ವಿಚಾರ

“ಗಿರಾಕಿ ಕೇಳುವುದನ್ನು ಇಡುತ್ತೇವೆ, ಕೇಳದ್ದನ್ನು ಇಟ್ಟು ನಷ್ಟಪಡುವವರು ಯಾರು?” ಜವಳಿ ವ್ಯಾಪಾರದಲ್ಲಿ ನಾಲ್ಕು ದಶಕಗಳಿಂದ ಈ ಮಾತನ್ನು ಕೇಳುತ್ತ ಬಂದಿದ್ದೇನೆ. ಇದರಲ್ಲಿ ಸತ್ಯವಿದೆ, ಪೂರ್ಣ ಸತ್ಯವಿಲ್ಲ. ಬಾಗಿಲೆದುರಿನ ಗಾಜಿನ ಕಪಾಟಿನಲ್ಲಿ ದೀಪದ ಬೆಳಕಿಗೆ ಹರಡಿದ ಸೀರೆಯನ್ನು ಹತ್ತು ಮಂದಿ ಕೇಳುತ್ತಾರೆ. ಅದೇ ನೇಯ್ಗೆಯ ಸೀರೆ ಅಟ್ಟದ ಮೇಲಿನ ಗಂಟಿನಲ್ಲಿದ್ದರೆ ಯಾರೂ ಕೇಳುವುದಿಲ್ಲ. ವರ್ಷಾಂತ್ಯದಲ್ಲಿ ಅದರ ಹೆಸರಿನ ಮುಂದೆ ‘ಬೇಡಿಕೆ ಇಲ್ಲ’ ಎಂದು ಬರೆದರೆ ಅದು ಲೆಕ್ಕವಾದೀತು, ನ್ಯಾಯವಾಗದು.

ಈ ವಿಚಾರ ಮತ್ತೆ ಮನಸ್ಸಿಗೆ ಬಂದದ್ದು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕುರಿತು ಓದುವಾಗ. ನಮ್ಮ ಓದುಗರಲ್ಲಿ ಹಲವರಿಗೆ ಆ ಆಟ ಅಪರಿಚಿತವೆನಿಸಬಹುದು. ಅದರ ಹಿಂದಿರುವ ಲೆಕ್ಕಪತ್ರ ಅಪರಿಚಿತವಲ್ಲ. ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು 1891ರಲ್ಲಿ ಈ ಆಟವನ್ನು ರೂಪಿಸಿದರು. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಅದನ್ನು ಕಲಿಸಿದರು. ಆಟ ಕಲಿತದ್ದರಲ್ಲಿ ಇಬ್ಬರಿಗೂ ಅಂತರ ಒಂದೇ ವರ್ಷ. ಆದರೆ ಎನ್.ಸಿ.ಎ.ಎ. ಎಂಬ ಕಾಲೇಜು ಕ್ರೀಡಾ ಸಂಘವು ಪುರುಷರ ಪಂದ್ಯಾವಳಿಯನ್ನು ಆರಂಭಿಸಿದ್ದು 1939ರಲ್ಲಿ, ಮಹಿಳೆಯರದನ್ನು 1982ರಲ್ಲಿ. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸುವ ಕಾನೂನು 1972ರಲ್ಲೇ ಬಂದಿತ್ತು. ಅದು ಮೈದಾನದ ಬಾಗಿಲನ್ನು ತೆರೆಯಿತು; ಕ್ಯಾಮೆರಾದ ಮುಖವನ್ನು ತಿರುಗಿಸಲಿಲ್ಲ.

ಇನ್ನು ಹಣದ ವಿಷಯ. 2010ರಲ್ಲಿ ಪುರುಷರ ಪಂದ್ಯಾವಳಿಯ ಪ್ರಸಾರ ಹಕ್ಕು 14 ವರ್ಷಗಳಿಗೆ ಸುಮಾರು 1,080 ಕೋಟಿ ಡಾಲರಿಗೆ ಮಾರಾಟವಾಯಿತು. ಮರುವರ್ಷ ಮಹಿಳೆಯರ ಪಂದ್ಯಾವಳಿಯನ್ನು ಇತರ ಎರಡು ಡಜನಿಗೂ ಹೆಚ್ಚು ಕ್ರೀಡೆಗಳ ಪಂದ್ಯಾವಳಿಗಳೊಡನೆ ಒಂದೇ ಗಂಟು ಕಟ್ಟಿ ಮಾರಿದರು. ಇಡೀ ಗಂಟಿಗೆ ಬಂದದ್ದು 14 ವರ್ಷಗಳಿಗೆ ಸುಮಾರು 50 ಕೋಟಿ. ಲಾಟಿನಲ್ಲಿ ಮಾರಿದ ಸರಕಿಗೆ ತನ್ನದೇ ಬೆಲೆ ಇರುವುದಿಲ್ಲವೆಂಬುದನ್ನು ಯಾವ ವರ್ತಕನಿಗೂ ಹೇಳಿಕೊಡಬೇಕಾಗಿಲ್ಲ. ಬೆಲೆ ಕಟ್ಟದೆ ಮಾರಿ, ಆಮೇಲೆ ಬೆಲೆ ಬಾರದ ಸರಕೆನ್ನುವುದು ಹಳೆಯ ಪದ್ಧತಿ.

2021ರಲ್ಲಿ ಇದೆಲ್ಲ ಬಯಲಿಗೆ ಬಂದಿತು. ಆ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಪುರುಷರಿಗೆ ವಿಶಾಲವಾದ ವ್ಯಾಯಾಮಶಾಲೆ ಸಿದ್ಧವಾಗಿತ್ತು. ಸ್ಯಾನ್ ಆಂಟೋನಿಯೊದಲ್ಲಿ ಮಹಿಳೆಯರಿಗೆ ಇಟ್ಟದ್ದು ಡಂಬೆಲ್‌ಗಳ ಒಂದು ಚಿಕ್ಕ ಸ್ಟ್ಯಾಂಡು, ಕೆಲವು ಯೋಗದ ಚಾಪೆಗಳು. ಸ್ಥಳದ ಅಭಾವವೆಂದು ಸಮಜಾಯಿಷಿ ಬಂದಾಗ, ಸಿಡೋನಾ ಪ್ರಿನ್ಸ್ ಎಂಬ ಆಟಗಾರ್ತಿ ಖಾಲಿ ಬಿದ್ದಿದ್ದ ವಿಶಾಲ ಸ್ಥಳವನ್ನೇ ಚಿತ್ರೀಕರಿಸಿ ಲೋಕಕ್ಕೆ ತೋರಿಸಿದಳು. ಅನಂತರ ಸಂಘವೇ ನೇಮಿಸಿದ ವಕೀಲರ ಸಂಸ್ಥೆಯೊಂದು ವರದಿ ನೀಡಿತು. 2025ರ ವೇಳೆಗೆ ಮಹಿಳಾ ಪಂದ್ಯಾವಳಿಯ ಹಕ್ಕೊಂದೇ ವರ್ಷಕ್ಕೆ 8.1 ಕೋಟಿಯಿಂದ 11.2 ಕೋಟಿ ಡಾಲರ್ ಬಾಳೀತೆಂಬುದು ಅದರ ಅಂದಾಜು. ‘ಮಾರ್ಚ್ ಮ್ಯಾಡ್‌ನೆಸ್’ ಎಂಬ ಪ್ರಸಿದ್ಧ ಹೆಸರನ್ನು ಸಹ ಅಲ್ಲಿಯವರೆಗೆ ಪುರುಷರ ಪಂದ್ಯಾವಳಿಗಷ್ಟೇ ಬಳಸುತ್ತಿದ್ದರು. ಮಹಿಳೆಯರಿಗೆ ಅದು ದೊರೆತದ್ದು 2022ರಲ್ಲಿ.

ವಾರ್ತೆಯ ಸ್ಥಿತಿಯೂ ಇದೇ. ಲಾಸ್ ಏಂಜಲೀಸ್ ನಗರದ ದೂರದರ್ಶನ ಕ್ರೀಡಾವಾರ್ತೆಗಳನ್ನು ವಿದ್ವಾಂಸರು 1989ರಿಂದ ಆಗಾಗ ಅಳೆಯುತ್ತ ಬಂದರು. ಮಹಿಳಾ ಕ್ರೀಡೆಗೆ ಸಿಕ್ಕ ಕಾಲ ಆಗ ಶೇಕಡಾ 5. ಮೂವತ್ತು ವರ್ಷಗಳ ಬಳಿಕ, 2019ರಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಈ ನಡುವೆ ಆಡುವ ಹುಡುಗಿಯರ ಸಂಖ್ಯೆ ಎಷ್ಟೋ ಬೆಳೆದಿತ್ತು.

ಕಪಾಟು ಬದಲಾದಾಗ ಏನಾಯಿತು? 1996ರಿಂದ ಕೇಬಲ್ ವಾಹಿನಿಯಲ್ಲಿದ್ದ ಮಹಿಳೆಯರ ಅಂತಿಮ ಪಂದ್ಯವನ್ನು 2022ರಲ್ಲಿ ಸುಮಾರು 48 ಲಕ್ಷ ಜನ ನೋಡಿದ್ದರು. 2023ರಲ್ಲಿ ಅದು ಎಲ್ಲ ಮನೆಗಳಿಗೂ ತಲುಪುವ ಎ.ಬಿ.ಸಿ. ವಾಹಿನಿಗೆ ಬಂದಿತು, ನೋಡಿದವರು 99 ಲಕ್ಷ. 2024ರಲ್ಲಿ ಒಂದು ಕೋಟಿ 85 ಲಕ್ಷವನ್ನೂ ಮೀರಿತು. ಆ ವರ್ಷ ಪುರುಷರ ಅಂತಿಮ ಪಂದ್ಯವನ್ನು ನೋಡಿದವರು ಸುಮಾರು ಒಂದು ಕೋಟಿ 48 ಲಕ್ಷ. ಮಹಿಳೆಯರ ಪಂದ್ಯ ಮುಂದಾದುದು ಅದೇ ಮೊದಲು.

ತಕ್ಕಡಿ ಹಿಡಿದವನು ಎರಡು ತಟ್ಟೆಗಳನ್ನೂ ನೋಡಬೇಕು. ಆ ಎರಡು ವರ್ಷ ಅಂತಿಮ ಪಂದ್ಯದಲ್ಲಿ ಐಯೊವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ ಎಂಬ ಅಸಾಧಾರಣ ಆಟಗಾರ್ತಿ ಆಡಿದ್ದಳು. ಅಲ್ಲದೆ 2024ರಲ್ಲಿ ಪುರುಷರ ಪಂದ್ಯವಿದ್ದದ್ದು ಕೇಬಲ್ಲಿನಲ್ಲಿ. 2025ರಲ್ಲಿ ಕ್ಲಾರ್ಕ್ ಇರಲಿಲ್ಲ, ಪುರುಷರ ಪಂದ್ಯ ಸಿ.ಬಿ.ಎಸ್. ವಾಹಿನಿಗೆ ಮರಳಿತ್ತು, ಅವರಿಗೆ ಒಂದು ಕೋಟಿ 81 ಲಕ್ಷ, ಮಹಿಳೆಯರಿಗೆ 85 ಲಕ್ಷ. ಆದುದರಿಂದ ಎರಡೂ ಸಮಾನ ಜನಪ್ರಿಯವೆಂದು ನಾನು ವಾದಿಸುವುದಿಲ್ಲ. ಕೇಬಲ್ಲಿಗೆ ಹೋದಾಗ ಪುರುಷರ ಪಂದ್ಯವೂ ಇಳಿಯಿತೆಂಬುದನ್ನು ಮಾತ್ರ ಗಮನಿಸಬೇಕೆನ್ನುತ್ತೇನೆ. ಹಾಗೆಯೇ, ಬಿದ್ದಿತೆನ್ನಲಾದ ಆ 85 ಲಕ್ಷವೂ 2022ರ ಸಂಖ್ಯೆಗಿಂತ ಬಹಳ ಹೆಚ್ಚು. ಒಮ್ಮೆ ಬಂದ ಗಿರಾಕಿಗಳಲ್ಲಿ ಅನೇಕರು ಉಳಿದುಕೊಂಡಿದ್ದಾರೆ.

ಕೆಲವು ತಿದ್ದುಪಡಿಗಳಾಗಿವೆ. ಪಂದ್ಯಾವಳಿಯಲ್ಲಿ ಮುನ್ನಡೆದ ತಂಡಗಳ ಸಂಸ್ಥೆಗಳಿಗೆ ಆದಾಯದ ಪಾಲು ನೀಡುವ ಪದ್ಧತಿ ಪುರುಷರಿಗೆ 1991ರಿಂದಲೇ ಇತ್ತು. ಮಹಿಳೆಯರಿಗೆ 2025ರಲ್ಲಿ ಆರಂಭವಾಯಿತು. 2024ರ ಹೊಸ ಒಪ್ಪಂದ 8 ವರ್ಷಗಳಿಗೆ 92 ಕೋಟಿ ಡಾಲರಿನದು. ಅದರಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲಿನ ಪಾಲು ವರ್ಷಕ್ಕೆ ಸುಮಾರು 6.5 ಕೋಟಿಯೆಂದು ಸಂಘವೇ ಲೆಕ್ಕ ಕಟ್ಟಿದೆ. ಮಾರಾಟ ಮತ್ತೆ ಗಂಟಿನಲ್ಲಿಯೇ ಆದರೂ, ಗಂಟಿನೊಳಗಿನ ವಸ್ತುವಿಗೆ ಬೆಲೆ ಚೀಟಿ ಬಿದ್ದಿತು.

ಲಾಭ ನೋಡುವುದು ವರ್ತಕನ ಧರ್ಮವೇ. ಅದನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ‘ಜನ ಕೇಳುವುದಿಲ್ಲ’ ಎಂಬ ತೀರ್ಪನ್ನು ನೀಡುವ ಅಧಿಕಾರ, ಜನರಿಗೆ ಸರಿಯಾಗಿ ತೋರಿಸಿದವನಿಗೆ ಮಾತ್ರ ಉಂಟು. ತೋರಿಸದೆ ಆ ಮಾತನ್ನಾಡುವವನು ತನ್ನ ಆಯ್ಕೆಯನ್ನು ಗಿರಾಕಿಯ ಖಾತೆಗೆ ಖರ್ಚು ಬರೆಯುತ್ತಿದ್ದಾನೆ. ಅಂಗಡಿಯಿರಲಿ, ಶಾಲೆಯಿರಲಿ, ಸಭಾ ವೇದಿಕೆಯಿರಲಿ, ಯಾರನ್ನಾದರೂ ಹಿಂದಿನ ಸಾಲಿನಲ್ಲಿ ಕೂರಿಸಿ ‘ಅವರನ್ನು ಯಾರೂ ಕೇಳಲಿಲ್ಲ’ ಎನ್ನುವ ಮುನ್ನ, ಆ ಸಾಲಿನಲ್ಲಿ ಅವರನ್ನು ಕೂರಿಸಿದವರು ಯಾರೆಂದು ವಿಚಾರಿಸುವುದು ಒಳಿತು.